ಸೋರುವ ಪೆಟ್ರೋಲ್ ಟ್ಯಾಂಕಿನ ರಿಪೇರಿ: ಬರಿದಾದ ಟ್ಯಾಂಕಿಗೇ ಹೆಚ್ಚು ಹೆದರಬೇಕು

ವಿಜಯಪುರದ ಸುತ್ತಿನ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಯಾವ ದಾರಿಯಲ್ಲಿ ನಿಂತರೂ ಹಳೆಯ ಮೋಟಾರು ಸೈಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಒಂದರ ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಇನ್ನೊಂದರ ಪಕ್ಕದಲ್ಲಿ ಹಾಲಿನ ಕ್ಯಾನು, ಮತ್ತೊಂದರ ಮೇಲೆ ಮಾರುಕಟ್ಟೆಗೆ ಹೊರಟ ರೇಷ್ಮೆ ಗೂಡಿನ ಚೀಲ. ಒಂದು ಕಾಲಕ್ಕೆ ಎತ್ತಿನ ಗಾಡಿ ಮಾಡುತ್ತಿದ್ದ ಎಷ್ಟೋ ಕೆಲಸಗಳನ್ನು ಈಗ ಇವು ಮಾಡುತ್ತಿವೆ.

ಈ ಗಾಡಿಗಳಲ್ಲಿ ಕೆಲವು ನಮ್ಮ ನಾಡಿನಲ್ಲೇ ಹುಟ್ಟಿದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಗಾಡಿಗಳನ್ನೂ 1973ರಿಂದ ಯೆಜ್ಡಿ ಹೆಸರಿನ ಗಾಡಿಗಳನ್ನೂ ತಯಾರಿಸಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅಲ್ಲಿಂದ ಹೊರಬಂದ ಕೊನೆಯ ಗಾಡಿಗೂ ಈಗ ಸುಮಾರು ಮೂವತ್ತು ವರ್ಷ ವಯಸ್ಸು. ಹಳೆಯ ಬುಲೆಟ್, ರಾಜದೂತ್, ಹೀರೋ ಹೊಂಡಾಗಳ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಎಂಜಿನ್ನು ಗಟ್ಟಿಯಾಗಿರುತ್ತದೆ. ಆದರೆ ತಗಡಿನ ಟ್ಯಾಂಕು ಒಳಗಿಂದೊಳಗೆ ಸವೆದು ಒಂದು ದಿನ ತೊಟ್ಟಿಕ್ಕತೊಡಗುತ್ತದೆ.

ಆಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಪೆಟ್ರೋಲನ್ನು ಬಗ್ಗಿಸಿ, ಟ್ಯಾಂಕನ್ನು ಬಿಚ್ಚಿ, ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತೇವೆ.

“ಅಣ್ಣಾ, ಇಲ್ಲೊಂದು ಚುಕ್ಕೆ ವೆಲ್ಡಿಂಗ್ ಹಾಕಿಕೊಡು. ಪೆಟ್ರೋಲೆಲ್ಲಾ ಬಗ್ಗಿಸಿದ್ದೀನಿ. ಟ್ಯಾಂಕು ಖಾಲಿ.”

ಕೆಲಸ ತಿಳಿದವನಾದರೆ ಕೂಡಲೇ ಹೇಳುತ್ತಾನೆ: “ಖಾಲಿ ಅಂತ ನೀವು ಹೇಳ್ತೀರಿ ಯಜಮಾನ್ರೇ, ಟ್ಯಾಂಕು ಹೇಳಬೇಕಲ್ಲ!”

ಅವನ ಮಾತು ನೂರಕ್ಕೆ ನೂರು ನಿಜ. ಪೆಟ್ರೋಲು ತುಂಬಿದ ಟ್ಯಾಂಕಿಗಿಂತ ಪೆಟ್ರೋಲು ಬಗ್ಗಿಸಿ ಬರಿದು ಮಾಡಿದ ಟ್ಯಾಂಕು ಬೆಂಕಿಯ ಬಳಿ ಬಾಂಬಿನಂತೆ ಸಿಡಿಯಬಲ್ಲದು. ಕೈ, ಕಣ್ಣು, ಪ್ರಾಣವನ್ನೇ ತೆಗೆಯುವ ಅಪಘಾತ ಇದರಿಂದ ಆಗುತ್ತದೆ. ಆದುದರಿಂದ ಟ್ಯಾಂಕಿನ ರಿಪೇರಿಗೆ ಕೈ ಹಾಕುವ ಮೊದಲು ಇದರ ಕಾರಣವನ್ನು ಚೆನ್ನಾಗಿ ತಿಳಿದುಕೊಳ್ಳುವುದು ಅವಶ್ಯ.

ಬರಿದಾದ ಟ್ಯಾಂಕು ಸಿಡಿಯುವುದೇಕೆ?

ಉರಿಯುವುದು ಪೆಟ್ರೋಲಿನ ದ್ರವವಲ್ಲ, ಅದರಿಂದ ಏಳುವ ಆವಿ. ಈ ಆವಿ ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ನೂರು ಪಾಲು ಗಾಳಿಯಲ್ಲಿ ಸುಮಾರು ಒಂದೂವರೆ ಪಾಲಿಗಿಂತ ಕಡಿಮೆ ಆವಿ ಇದ್ದರೆ ಬೆಂಕಿ ಹಿಡಿಯದು. ಸುಮಾರು ಏಳೂವರೆ ಪಾಲಿಗಿಂತ ಹೆಚ್ಚಾದರೂ ಹಿಡಿಯದು, ಏಕೆಂದರೆ ಉರಿಯಲು ಬೇಕಾದ ಗಾಳಿ ಆಗ ಸಾಲದು. ಈ ಎರಡರ ನಡುವೆ ಇದ್ದಾಗ ಒಂದು ಕಿಡಿ ಸಾಕು.

ತುಂಬಿದ ಟ್ಯಾಂಕಿನಲ್ಲಿ ಆವಿ ದಟ್ಟವಾಗಿರುತ್ತದೆ, ಗಾಳಿ ಕಡಿಮೆ. ಪೆಟ್ರೋಲನ್ನು ಬಗ್ಗಿಸಿದ ಕೂಡಲೇ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಗೋಡೆಗೆ ಅಂಟಿದ ತೇವ, ತುಕ್ಕಿನ ಪದರದೊಳಗೆ ಸೇರಿದ ಪೆಟ್ರೋಲು, ಮಡಿಕೆಯ ಸಂದಿನಲ್ಲಿ ಉಳಿದ ಹನಿ, ಇವೆಲ್ಲವೂ ಆವಿಯಾಗಿ ಆ ಗಾಳಿಯಲ್ಲಿ ಬೆರೆಯುತ್ತವೆ. ಹನ್ನೆರಡು ಲೀಟರಿನ ಟ್ಯಾಂಕಿನಲ್ಲಿ ಇಂಥ ಅಪಾಯದ ಮಿಶ್ರಣ ಉಂಟಾಗಲು ಒಂದು ಮಿಲಿಲೀಟರು ಪೆಟ್ರೋಲು ಸಾಕು. ಒಂದು ಚಮಚೆಯೂ ಬೇಡ. ತುಂಬಿದ ಟ್ಯಾಂಕು ಕ್ಷೇಮವೆಂದು ಇದರ ಅರ್ಥವಲ್ಲ. ಖಾಲಿ ಟ್ಯಾಂಕೆಂದು ಧೈರ್ಯ ತಂದುಕೊಳ್ಳಬಾರದು ಎಂಬುದಷ್ಟೇ ತಾತ್ಪರ್ಯ.

ಇನ್ನೊಂದು ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಹೊಗೆಯಂತೆ ಮೇಲಕ್ಕೆ ಹೋಗದೆ ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಜಗಲಿಯಲ್ಲಿ ಸೋರಿದ ಪೆಟ್ರೋಲಿನ ಆವಿ ಒಳಗಿನ ಅಡುಗೆ ಒಲೆಯವರೆಗೂ ಹೋಗಬಲ್ಲದು. ಕೊರೆಯುವ ಚಳಿಗಾಲದ ಬೆಳಗಿನಲ್ಲೂ ಪೆಟ್ರೋಲು ಆವಿ ಬಿಡುತ್ತದೆ ಎಂಬುದನ್ನು ಮರೆಯಬಾರದು.

ಟ್ಯಾಂಕು ತೂತಾಗುವುದು ಹೇಗೆ?

ಟ್ಯಾಂಕಿನ ತಗಡು ಸುಮಾರು ಒಂದು ಮಿಲಿಮೀಟರಿನಷ್ಟು ದಪ್ಪ. ಅದರ ಹೊರಮೈಗೆ ಬಣ್ಣವಿದೆ, ಒಳಮೈಗೆ ಹೆಚ್ಚಾಗಿ ಏನೂ ಇಲ್ಲ. ಅರ್ಧ ಖಾಲಿ ಇರುವ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣ್ಣಗಾದಾಗ ಅದರಲ್ಲಿನ ತೇವ ಇಬ್ಬನಿಯಂತೆ ಗೋಡೆಗೆ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ಆ ಹನಿಗಳು ತಳ ಸೇರುತ್ತವೆ. ಅಲ್ಲಿಂದ ತುಕ್ಕು ಆರಂಭವಾಗುತ್ತದೆ. ಹೀಗೆ ತೂತು ಸಾಮಾನ್ಯವಾಗಿ ತಳದಲ್ಲಿ, ಅದೂ ಸೀಟಿನ ಕಡೆಯ ತಗ್ಗಿನಲ್ಲಿ ಬೀಳುತ್ತದೆ. ಹೊರಗೆ ಸೂಜಿಮೊನೆಯಷ್ಟು ಕಂಡರೂ ಒಳಗೆ ಅಂಗೈಯಗಲ ತಗಡು ಕಾಗದದಷ್ಟು ತೆಳ್ಳಗಾಗಿರಬಹುದು.

ಎರಡನೆಯ ಕಾರಣ ಅಲುಗಾಟ. ಟ್ಯಾಂಕನ್ನು ಫ್ರೇಮಿಗೆ ಬಿಗಿಯುವ ಕಡೆ ರಬ್ಬರ್ ಬುಷ್ಷು ಸವೆದುಹೋದರೆ ಹೊಲದ ದಾರಿಯ ಕುಲುಕಾಟವೆಲ್ಲ ತಗಡಿಗೇ ತಗುಲಿ, ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ.

ಮೂರನೆಯದು ಈಚಿನದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾರಂಭದಲ್ಲಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ದೇಶದಲ್ಲಿ ಈ ಪ್ರಮಾಣದ ಮಿಶ್ರಣ ಸಾಮಾನ್ಯವಾಯಿತು. ಕಬ್ಬು, ಧಾನ್ಯಗಳಿಂದ ತಯಾರಾಗುವ ಎಥನಾಲಿನಿಂದ ಬೆಳೆಗಾರರಿಗೆ ಅನುಕೂಲವುಂಟು. ಆದರೆ ಎಥನಾಲ್ ನೀರಿನ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ತಿಂಗಳುಗಟ್ಟಲೆ ನಿಂತ ಗಾಡಿಗೆ ಇದರಿಂದ ಹಾನಿ ಹೆಚ್ಚು. ಹಳೆಯ ರಬ್ಬರ್ ಪೈಪು, ವಾಷರುಗಳೂ ಇದರಿಂದ ಉಬ್ಬುತ್ತವೆ, ಇಲ್ಲವೆ ಬಿರಿಯುತ್ತವೆ.

ಮೊದಲು ಸೋರುವ ಜಾಗವನ್ನು ಹುಡುಕಿ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬಾರದು. ಪೆಟ್ರೋಲು ತೊಟ್ಟಿಕ್ಕಿದರೆ ಟ್ಯಾಂಕೇ ತೂತಾಗಿರಬೇಕೆಂದಿಲ್ಲ. ಗಾಡಿಯನ್ನು ಹೊರಗೆ ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ನು ಪೂರ್ತಿ ಆರಿದ ಮೇಲೆ, ಹತ್ತಿರ ಬೀಡಿ, ಒಲೆ, ದೀಪ ಯಾವುದೂ ಇಲ್ಲದಂತೆ ನೋಡಿಕೊಂಡು ಈ ಕ್ರಮದಲ್ಲಿ ಪರೀಕ್ಷಿಸಿ.

ಮೊದಲನೆಯದಾಗಿ ಮುಚ್ಚಳ. ಪೆಟ್ರೋಲು ಬಿಸಿಯಾದರೆ ಹಿಗ್ಗುತ್ತದೆ. ಹತ್ತು ಲೀಟರು ಪೆಟ್ರೋಲು 20 ಡಿಗ್ರಿ ಬಿಸಿಯೇರಿದರೆ ಸುಮಾರು 190 ಮಿಲಿಲೀಟರಿನಷ್ಟು ಹೆಚ್ಚು ಜಾಗ ಬೇಡುತ್ತದೆ. ಕತ್ತಿನವರೆಗೆ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಮುಚ್ಚಳದಿಂದ ಪೆಟ್ರೋಲು ಉಕ್ಕಿ ಕೆಳಗಿಳಿದರೆ, ನೋಡುವವರಿಗೆ ಟ್ಯಾಂಕು ಸೋರಿದಂತೆ ಕಾಣುತ್ತದೆ. ಇದಕ್ಕೆ ರಿಪೇರಿ ಬೇಕಿಲ್ಲ. ಸ್ವಲ್ಪ ಕಡಿಮೆ ತುಂಬಿಸಿದರಾಯಿತು.

ಎರಡನೆಯದಾಗಿ ಪೆಟ್ರೋಲು ನಲ್ಲಿ, ಅದರ ವಾಷರು ಮತ್ತು ಪೈಪು. ಇವು ಸೋರುತ್ತಿದ್ದರೆ ಹೊಸ ವಾಷರು, ಹೊಸ ಪೈಪು, ಒಂದು ಕ್ಲಿಪ್ಪು ಹಾಕಿದರೆ ಕೆಲಸ ಮುಗಿಯಿತು.

ಮೂರನೆಯದಾಗಿ ಕಾರ್ಬುರೇಟರು. ನಲ್ಲಿ ಮುಚ್ಚಿದಾಗ ಸೋರಿಕೆ ನಿಂತರೆ ತಪ್ಪು ನಲ್ಲಿಯಿಂದ ಕೆಳಗೆ ಇದೆಯೆಂದು ತಿಳಿಯಿರಿ.

ಇವೆಲ್ಲ ಸರಿಯಾಗಿದ್ದರೆ ಟ್ಯಾಂಕಿನ ತಳವನ್ನು ಒಣ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣವನ್ನು ಪುಡಿಮಾಡಿ ಹಚ್ಚಿ. ಸ್ವಲ್ಪ ಹೊತ್ತಿನಲ್ಲಿ ಬಿಳಿಯ ಮೇಲೆ ಒದ್ದೆ ಚುಕ್ಕೆ ಮೂಡುತ್ತದೆ. ತೂತು ಅಲ್ಲಿಯೇ.

ನಷ್ಟವೆಷ್ಟು ಎಂಬುದನ್ನೂ ನೀವೇ ಲೆಕ್ಕ ಹಾಕಬಹುದು. ಹನಿಯ ಕೆಳಗೆ ಒಂದು ಗಂಟೆ ಸಣ್ಣ ಬಟ್ಟಲನ್ನಿಡಿ. ಹತ್ತು ಮಿಲಿಲೀಟರು ಕೂಡಿದರೆ ದಿನಕ್ಕೆ 240 ಮಿಲಿಲೀಟರು, ತಿಂಗಳಿಗೆ ಏಳು ಲೀಟರಿಗೂ ಮೇಲು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 720 ರೂಪಾಯಿ ಮಣ್ಣಿನ ಪಾಲು. ಆವಿಯಾಗಿ ಹಾರಿಹೋದದ್ದು ಬೇರೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ನಷ್ಟಕ್ಕೂ ಸಲ್ಲುತ್ತದೆ.

ರೇಷ್ಮೆ ಬೆಳೆಗಾರರು ಇನ್ನೂ ಒಂದು ಮಾತನ್ನು ಗಮನಿಸಬೇಕು. ರೇಷ್ಮೆ ಹುಳುವಿಗೆ ಪೆಟ್ರೋಲು, ಸೀಮೆಎಣ್ಣೆಯಂಥ ಘಾಟು ಆಗದು. ಸೋರುವ ಗಾಡಿಯನ್ನು ಹುಳು ಮನೆಯ ಬಾಗಿಲಲ್ಲಿ ನಿಲ್ಲಿಸಬೇಡಿ, ಅದರ ಮೇಲೆ ಸೊಪ್ಪು ಹೇರಬೇಡಿ. ರಿಪೇರಿ ಮಾಡಿದ ಕೈಯನ್ನು ಸಾಬೂನಿನಿಂದ ತೊಳೆದು, ಬಟ್ಟೆ ಬದಲಾಯಿಸಿಯೇ ಹುಳುವಿಗೆ ಸೊಪ್ಪು ಹಾಕಿ.

ದಾರಿಯಲ್ಲಿ ಸೋರಿದರೆ

ಮಾರುಕಟ್ಟೆಯ ದಾರಿಯಲ್ಲಿ ಸೋರಿಕೆ ಕಂಡರೆ ಒಂದು ಹಳೆಯ ಉಪಾಯವುಂಟು. ಬಟ್ಟೆ ಒಗೆಯುವ ಸಾಬೂನಿನ ತುಂಡನ್ನು ತೂತಿನ ಮೇಲೆ ಗಟ್ಟಿಯಾಗಿ ಉಜ್ಜಿ ತುಂಬಿ. ಸಾಬೂನು ನೀರಿಗೆ ಕರಗುತ್ತದೆಯೇ ಹೊರತು ಪೆಟ್ರೋಲಿಗೆ ಸುಲಭವಾಗಿ ಕರಗದು. ಸೂಜಿಮೊನೆಯಂಥ ತೂತು ಇದರಿಂದ ಸ್ವಲ್ಪ ಕಾಲ ನಿಲ್ಲುತ್ತದೆ. ಇದು ಮನೆ ಸೇರುವವರೆಗಿನ ಉಪಾಯ ಮಾತ್ರ. ಹನಿ ಬಿಸಿ ಎಂಜಿನ್ನಿನ ಮೇಲೋ ಸೈಲೆನ್ಸರಿನ ಮೇಲೋ ಬೀಳುವಂತಿದ್ದರೆ ಗಾಡಿಯನ್ನು ಓಡಿಸಲೇಕೂಡದು. ತಳ್ಳಿಕೊಂಡೇ ಬನ್ನಿ.

ಪೆಟ್ರೋಲನ್ನು ಬಗ್ಗಿಸುವ ಕ್ರಮ

ಈ ಕೆಲಸವನ್ನು ಹಗಲಿನಲ್ಲಿ, ಬಯಲಿನಲ್ಲಿ, ಮನೆಯಿಂದಲೂ ಪಂಪ್‌ಸೆಟ್ಟಿನ ಸ್ಟಾರ್ಟರಿನಿಂದಲೂ ದೂರದಲ್ಲಿ ಮಾಡತಕ್ಕದ್ದು. ಬ್ಯಾಟರಿಯ ತಂತಿಯನ್ನು ಮೊದಲೇ ಬಿಚ್ಚಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ನಲ್ಲಿಯ ಪೈಪಿನಿಂದ ಲೋಹದ ಡಬ್ಬಕ್ಕೆ ಇಳಿಸಿ ಬಿಗಿಯಾಗಿ ಮುಚ್ಚಿ. ನೀರು ಕುಡಿಯುವ ಬಾಟಲಿಗೆ ಎಂದಿಗೂ ತುಂಬಿಸಬೇಡಿ. ದಾಹಗೊಂಡ ಮಗು ಅದನ್ನು ಎತ್ತಿ ಕುಡಿಯಬಹುದು.

ಪೈಪು ಹಾಕಿ ಬಾಯಿಂದ ಪೆಟ್ರೋಲು ಎಳೆಯುವ ರೂಢಿ ಬಹಳ ಕೆಟ್ಟದು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಾಪಾಯ. ಯಾರಾದರೂ ನುಂಗಿದ್ದರೆ ಬಲವಂತವಾಗಿ ವಾಂತಿ ಮಾಡಿಸಕೂಡದು. ವಾಂತಿಯ ಜೊತೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತೊಳೆಯುವುದು ಮತ್ತು ತುಕ್ಕು ತೆಗೆಯುವುದು

ಟ್ಯಾಂಕನ್ನು ಗಾಡಿಯಿಂದ ಬಿಚ್ಚಿ, ಮುಚ್ಚಳ ಮತ್ತು ನಲ್ಲಿಗಳನ್ನು ತೆಗೆದು, ಬಾಯಿ ತೆರೆದು ಒಂದು ದಿನ ನೆರಳಿನಲ್ಲಿಡಿ. ಬಳಿಕ ಬೇರೆ ಕಡೆ ಕಾಯಿಸಿ ತಂದ ಬಿಸಿನೀರಿಗೆ ಬಟ್ಟೆ ಸೋಪಿನ ಪುಡಿ ಬೆರೆಸಿ ಹುಯ್ದು, ಚೆನ್ನಾಗಿ ಕುಲುಕಿ ಚೆಲ್ಲಿ. ಹೀಗೆ ಮೂರು ನಾಲ್ಕು ಸಲ ಮಾಡಿ. ಕೊನೆಗೆ ನೀರು ಬಾಯಿಂದ ಉಕ್ಕಿ ಹರಿಯುವಂತೆ ತುಂಬಿಸಿ, ತೇಲಿ ಬಂದ ಎಣ್ಣೆಯನ್ನು ಹೊರದೂಡಿ. ಈ ನೀರನ್ನು ಬಾವಿ, ಕೆರೆ, ಕಾಲುವೆ, ದನದ ತೊಟ್ಟಿಗಳ ಬಳಿ ಚೆಲ್ಲಕೂಡದು.

ಟ್ಯಾಂಕು ಒಣಗಲೆಂದು ಒಲೆಯ ಮೇಲೆ ಇಡುವುದು, ಆವಿ ಹೋಗಿದೆಯೇ ಎಂದು ಬೆಂಕಿಕಡ್ಡಿ ಗೀರಿ ನೋಡುವುದು, ಇವೆರಡೂ ಸಾವನ್ನು ಕರೆದಂತೆ.

ಪೆಟ್ರೋಲಿನ ವಾಸನೆ ಹೋದ ಮೇಲೆ ತುಕ್ಕಿನ ಕೆಲಸ. ರಿಪೇರಿಗೆ ಮುಂಚೆಯೇ ಇದನ್ನು ಮಾಡಬೇಕು. ತುಕ್ಕು ಮುಚ್ಚಿಕೊಂಡಿದ್ದ ಬೇರೆ ತೂತುಗಳು ಆಗಲೇ ಹೊರಬೀಳುತ್ತವೆ. ಮೊದಲು ಸಣ್ಣ ನಟ್ಟುಗಳನ್ನು ನೀರಿನೊಡನೆ ಹಾಕಿ ಎಲ್ಲ ದಿಕ್ಕಿಗೂ ಕುಲುಕಿ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಬಳಿಕ ಒಂದು ಲೀಟರು ಬಿಸಿನೀರಿಗೆ ಸುಮಾರು ನೂರು ಗ್ರಾಂ ನಿಂಬೆ ಉಪ್ಪಿನಂತೆ ಕರಗಿಸಿ ತುಂಬಿಸಿ. ತೂತಿದ್ದ ಕಡೆ ಹೊರಗಿನಿಂದ ಸಾಬೂನಿನ ಬದಲು ರಬ್ಬರ್ ತುಂಡನ್ನು ಒತ್ತಿ ಕಟ್ಟಿ. ಕೆಲವು ಗಂಟೆಗಳ ಅನಂತರ ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಹುಳಿಯನ್ನು ಕಳೆದು, ಶುದ್ಧ ನೀರಿನಲ್ಲಿ ತೊಳೆಯಿರಿ. ಪಾಯಿಖಾನೆ ತೊಳೆಯುವ ಕಟು ಆಸಿಡ್ಡನ್ನು ಹಾಕಬೇಡಿ. ಅದು ತುಕ್ಕಿನ ಜೊತೆ ಒಳ್ಳೆಯ ತಗಡನ್ನೂ ತಿನ್ನುತ್ತದೆ, ಹೊತ್ತಿಕೊಳ್ಳುವ ಜಲಜನಕ ಅನಿಲವನ್ನೂ ಹೊರಡಿಸುತ್ತದೆ.

ಈಗ ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ಮೆಲ್ಲಗೆ ತಟ್ಟಿ, ಹೆಬ್ಬೆರಳಿನಿಂದ ಒತ್ತಿ ನೋಡಿ. ಬಹಳ ಕಡೆ ತಗಡು ಬಗ್ಗಿದರೆ, ಅಥವಾ ನಾಲ್ಕಾರು ತೂತುಗಳು ಕಂಡರೆ, ತೇಪೆ ಹಾಕಿ ಪ್ರಯೋಜನವಿಲ್ಲ. ಬೇರೆ ಟ್ಯಾಂಕನ್ನು ಹುಡುಕುವುದೇ ಲಾಭ.

ಯಾವ ತೂತಿಗೆ ಯಾವ ರಿಪೇರಿ?

ಒಂದು: ಸೂಜಿಮೊನೆಯ ತೂತು, ಸುತ್ತಲ ತಗಡು ಗಟ್ಟಿ. ಇದಕ್ಕೆ ಬೆಂಕಿಯೇ ಬೇಡ. ಎಂ-ಸೀಲ್‌ನಂಥ, ಎರಡು ಉಂಡೆಗಳನ್ನು ಕಲಸಿ ಹಚ್ಚುವ ಅಂಟನ್ನು ಬಳಸಬಹುದು. ಪೆಟ್ರೋಲು ತಾಳುವಂಥದೇ ಎಂದು ಪೊಟ್ಟಣದ ಮೇಲೆ ಓದಿಕೊಳ್ಳಿ. ಬಣ್ಣವನ್ನು ಪೂರ್ತಿ ಕೆರೆದು, ಮರಳುಕಾಗದದಿಂದ ಉಜ್ಜಿ ತಗಡು ಹೊಳೆಯುವಂತೆ ಮಾಡಿ, ಒಣಗಿದ ಮೇಲೆ ತೂತಿನ ಸುತ್ತ ಎರಡು ಬೆರಳಗಲ ಹಚ್ಚಿ. ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಒಣಗಲು ಬಿಡಿ, ಅವಸರ ಬೇಡ. ಬಣ್ಣದ ಮೇಲೆ ಹಚ್ಚಿದ ಅಂಟು ಬಣ್ಣದ ಜೊತೆಗೇ ಕಿತ್ತು ಬರುತ್ತದೆ. ಹನಿ ಒಸರುತ್ತಿರುವಾಗಲೇ ಹಚ್ಚಿದ ಅಂಟು ಹಿಡಿಯುವುದೇ ಇಲ್ಲ.

ಎರಡು: ಕಡ್ಡಿಯಷ್ಟು ತೂತು. ಇದಕ್ಕೆ ತವರ-ಸೀಸದ ಬೆಸುಗೆ ಒಳ್ಳೆಯದು. ಅರವತ್ತು ಪಾಲು ತವರ, ನಲವತ್ತು ಪಾಲು ಸೀಸ ಸೇರಿದ ಬೆಸುಗೆ 200 ಡಿಗ್ರಿಗೂ ಕಡಿಮೆ ಶಾಖಕ್ಕೆ ಕರಗುತ್ತದೆ. ಟ್ಯಾಂಕಿಗೆ ನೇರ ಜ್ವಾಲೆ ತಾಗಿಸುವ ಅಗತ್ಯವಿಲ್ಲ. ದೂರದಲ್ಲಿ ಕಾಯಿಸಿದ ತಾಮ್ರದ ಕಾವಿನಿಂದಲೇ ಕೆಲಸವಾಗುತ್ತದೆ. ತೂತಿನ ಮೇಲೆ ಕಲಾಯಿ ಹಾಕಿದ ಸಣ್ಣ ತಗಡಿನ ಬಿಲ್ಲೆಯನ್ನಿಟ್ಟು ಬೆಸೆದರೆ ಗಟ್ಟಿ.

ಮೂರು: ಬಿರುಕು, ಅಥವಾ ಮಡಿಕೆ ಬಿಟ್ಟದ್ದು. ಅಲುಗಾಟ ತಾಳಬೇಕಾದ ಜಾಗಕ್ಕೆ ಅಂಟಾಗಲಿ ಮೆದು ಬೆಸುಗೆಯಾಗಲಿ ನಿಲ್ಲದು. ಹಿತ್ತಾಳೆ ಬೆಸುಗೆ ಇಲ್ಲವೆ ಗ್ಯಾಸ್ ವೆಲ್ಡಿಂಗ್ ಬೇಕು. ಹಿತ್ತಾಳೆ ಬೆಸುಗೆಗೆ ಸುಮಾರು 900 ಡಿಗ್ರಿ ಶಾಖ ಬೇಕಾಗುತ್ತದೆ. ಇದು ಅನುಭವಿ ಕೆಲಸಗಾರರ ಕೆಲಸ, ಮನೆಯಲ್ಲಿ ಮಾಡುವುದಲ್ಲ.

ಎರಡನೆಯ ಮತ್ತು ಮೂರನೆಯ ರಿಪೇರಿಗೆ ಒಂದೇ ನಿಯಮ: ಟ್ಯಾಂಕಿನೊಳಗೆ ನೀರು ತುಂಬಿರಬೇಕು. ತೊಳೆದದ್ದೇ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ಮೂಗಿಗೆ ವಾಸನೆ ಬಾರದಿದ್ದರೂ ಮಡಿಕೆಯ ಸಂದಿನಲ್ಲಿ, ಉಳಿದ ತುಕ್ಕಿನಲ್ಲಿ ಪೆಟ್ರೋಲು ಅಡಗಿರುತ್ತದೆ. ತಣ್ಣಗಿರುವಾಗ ಸುಮ್ಮನಿದ್ದದ್ದು ಜ್ವಾಲೆ ತಾಗಿದೊಡನೆ ಆವಿಯಾಗಿ ಹೊರಬರುತ್ತದೆ. ಒಳಗೆ ನೀರೇ ತುಂಬಿದ್ದರೆ ಆವಿಗೂ ಗಾಳಿಗೂ ಬೆರೆಯಲು ಜಾಗವೆಲ್ಲಿ?

ತೂತು ತಳದಲ್ಲಿದ್ದರೆ ಹೀಗೆ ಮಾಡುತ್ತಾರೆ. ಬಾಯಿಯ ಮುಚ್ಚಳವನ್ನು, ಅದರ ಗಾಳಿಯ ಕಿಂಡಿಯನ್ನೂ ಸೇರಿಸಿ, ರಬ್ಬರಿನಿಂದ ಬಿಗಿಯಾಗಿ ಮುಚ್ಚಿ ಟ್ಯಾಂಕನ್ನು ಮಗುಚುತ್ತಾರೆ. ಆಗ ನಲ್ಲಿಯ ತೂತು ಮೇಲೆ ಬರುತ್ತದೆ. ಅದರ ಮೂಲಕ, ಬೆಸೆಯುವ ಜಾಗಕ್ಕೆ ಒಂದು ಬೆರಳಿನಷ್ಟು ಕೆಳಗಿನವರೆಗೆ ನೀರು ತುಂಬಿಸುತ್ತಾರೆ. ನಲ್ಲಿಯ ತೂತನ್ನು ತೆರೆದೇ ಬಿಡಬೇಕು. ಮುಚ್ಚಿದರೆ ಕಾದ ಗಾಳಿಯೂ ನೀರಿನ ಹಬೆಯೂ ಹೋಗಲು ದಾರಿಯಿಲ್ಲದೆ ಟ್ಯಾಂಕು ಒಡೆಯುತ್ತದೆ. ಕೆಲಸಗಾರನ ಮುಖ ಆ ತೂತಿನ ನೇರಕ್ಕೆ ಇರಬಾರದು.

“ಸೈಲೆನ್ಸರಿನ ಹೊಗೆ ತುಂಬಿಸಿದ್ದೇನೆ, ಏನೂ ಆಗೋಲ್ಲ” ಎನ್ನುವವರಿದ್ದಾರೆ. ಹೊಗೆ ಎಲ್ಲ ಮೂಲೆಗೂ ತಲುಪಿತೆಂದು ಯಾರೂ ಕಣ್ಣಾರೆ ಕಾಣಲಾರರು. ನೀರು ತುಂಬಿದ್ದನ್ನಾದರೆ ಯಾರೂ ಕಾಣಬಹುದು.

ಸರಿಯಾಯಿತೇ ಎಂದು ಪರೀಕ್ಷಿಸಿ

ನೀರು ತುಂಬಿಸಿ ಸೋರದಿದ್ದರೆ ಸಾಕೆಂದು ನಂಬಬೇಡಿ. ನೀರು ನಿಲ್ಲುವ ಸಣ್ಣ ತೂತಿನಿಂದಲೂ ಪೆಟ್ರೋಲು ನುಸುಳಬಲ್ಲದು. ಆದುದರಿಂದ ತೊಳೆದ ಟ್ಯಾಂಕಿನ ಬಾಯಿಗಳನ್ನು ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಒಂದೆರಡು ಸಲ ಮಾತ್ರ ಮೆಲ್ಲಗೆ ಗಾಳಿ ಒತ್ತಿ ನೋಡಿ. ಪಂಕ್ಚರು ಹಾಕುವಾಗ ಟ್ಯೂಬಿನಿಂದ ಬರುವಂತೆ ಗುಳ್ಳೆ ಬಂದರೆ ಕೆಲಸ ಮುಗಿದಿಲ್ಲ. ಪಂಕ್ಚರು ಅಂಗಡಿಯ ಕಂಪ್ರೆಸರಿನ ಗಾಳಿ ಕೊಡಲೇಬಾರದು. ಟ್ಯಾಂಕು ಉಬ್ಬಿ ಹರಿಯುತ್ತದೆ.

ಪರೀಕ್ಷೆಯಾದ ಮೇಲೆ ಬಿಸಿಲಲ್ಲಿ ಪೂರ್ತಿ ಒಣಗಿಸಿ. ಒಳಗೆ ಸ್ವಲ್ಪ ಟೂ-ಸ್ಟ್ರೋಕ್ ಎಣ್ಣೆ ಹಾಕಿ ಎಲ್ಲ ಕಡೆ ಹರಿಯುವಂತೆ ತಿರುಗಿಸಿ, ಉಳಿದದ್ದನ್ನು ಬಗ್ಗಿಸಿ. ತಡಮಾಡಿದರೆ ಒಂದೇ ರಾತ್ರಿಯಲ್ಲಿ ಹೊಸ ತುಕ್ಕು ಹಿಡಿಯುತ್ತದೆ. ಒಳಮೈಗೆ ಲೇಪ ಹಾಕಿಸುವುದಾದರೆ ಎಣ್ಣೆ ಹಾಕಬೇಡಿ, ಎಣ್ಣೆಯ ಮೇಲೆ ಲೇಪ ಹಿಡಿಯದು. ಎಥನಾಲ್ ತಾಳುವ ಲೇಪವನ್ನೇ ಕೇಳಿ ಹಾಕಿಸಿ. ಹೊಸ ರಬ್ಬರ್ ಬುಷ್ಷು, ಹೊಸ ವಾಷರು ಹಾಕಿ ಟ್ಯಾಂಕನ್ನು ಕೂಡಿಸಿ.

ಬೆಂಕಿ ಹತ್ತಿದರೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಗಬಾರದು. ಕೆಲಸ ಆರಂಭಿಸುವ ಮೊದಲೇ ಎರಡು ಬಕೆಟ್ ಒಣ ಮರಳು, ಒಂದೆರಡು ಒದ್ದೆ ಗೋಣಿಚೀಲಗಳನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ. ಪೆಟ್ರೋಲಿನ ಬೆಂಕಿಗೆ ನೀರು ಎರಚಬೇಡಿ. ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿಯನ್ನು ಸುತ್ತಲೂ ಹರಡುತ್ತದೆ. ಸಣ್ಣ ಬೆಂಕಿಗೆ ಮರಳು ಸುರಿಯಿರಿ, ಇಲ್ಲವೆ ಒದ್ದೆ ಗೋಣಿ ಮುಚ್ಚಿ. ದೊಡ್ಡದಾದರೆ ಗಾಡಿಯ ಆಸೆ ಬಿಟ್ಟು ದೂರ ಸರಿದು 112ಕ್ಕೆ ಕರೆ ಮಾಡಿ.

ಯಾರ ಬಟ್ಟೆಗಾದರೂ ಬೆಂಕಿ ಹತ್ತಿದರೆ ಓಡಲು ಬಿಡಬೇಡಿ. ನೆಲದ ಮೇಲೆ ಉರುಳಿಸಿ ಕಂಬಳಿ ಮುಚ್ಚಿ. ಸುಟ್ಟ ಜಾಗದ ಮೇಲೆ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಸಿ. ಮಸಿ, ಟೂತ್‌ಪೇಸ್ಟು, ಹಸುವಿನ ಸಗಣಿ ಮುಂತಾದುವನ್ನು ಬಳಿಯಬೇಡಿ. 108ರ ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಿ.

ಮತ್ತೆ ಸೋರದಂತೆ

ದಿನಾಲೂ ಓಡುವ ಗಾಡಿಯ ಟ್ಯಾಂಕನ್ನು ಬಹುಕಾಲ ಅರ್ಧ ಖಾಲಿ ಇಡಬೇಡಿ. ಒಳಗೆ ಗಾಳಿ ಹೆಚ್ಚಿದಷ್ಟೂ ತೇವ ಹೆಚ್ಚು. ಹಾಗೆಂದು ಕತ್ತಿನವರೆಗೂ ತುಂಬಬೇಡಿ. ಮಳೆಯಲ್ಲಿ ಗಾಡಿ ನಿಲ್ಲಿಸುವುದಾದರೆ ಮುಚ್ಚಳದ ಮೇಲೆ ಹೊದಿಕೆ ಇರಲಿ. ಆಗಾಗ ನಲ್ಲಿಯಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಟ್ಟಲಿಗೆ ಇಳಿಸಿ ನೋಡಿ. ತಳದಲ್ಲಿ ಬೇರೆ ಪದರವೋ ಕೆಂಪು ಪುಡಿಯೋ ಕಂಡರೆ ತೂತು ಬೀಳುವ ಮುಂಚೆಯೇ ಟ್ಯಾಂಕನ್ನು ತೊಳೆಸಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲನ್ನು ಇಳಿಸಿ, ಒಣಗಿಸಿ, ಎಣ್ಣೆ ಸವರಿ ಇಡುವುದು ಮೇಲು.

ರೈತ ಬಾಂಧವರೇ, ಟ್ಯಾಂಕನ್ನು ವೆಲ್ಡಿಂಗ್ ಅಂಗಡಿಗೆ ಒಯ್ದಾಗ ಮೂರು ಮಾತು ಕೇಳಿ: “ತೊಳೆದಿದ್ದೀರಾ? ನೀರು ತುಂಬಿದ್ದೀರಾ? ಹಬೆ ಹೋಗಲು ಒಂದು ಬಾಯಿ ತೆರೆದಿದೆಯೇ?” ಮೂರಕ್ಕೂ ಹೌದೆಂದರೆ ಮಾತ್ರ ಜ್ವಾಲೆ ಹೊತ್ತಲಿ. ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗನೂ ಒಬ್ಬ ರೈತನ ಮಗನೇ. ಒಂದು ಗಂಟೆ ತಡವಾದರೆ ಮಾರುಕಟ್ಟೆಗೆ ಮರುದಿನ ಹೋಗಬಹುದು. ಹೋದ ಕಣ್ಣು ಮರಳಿ ಬಾರದು.